ಬಗ್ಗಿ ಎತ್ತಿಕೊಂಡವಳು

ನಮ್ಮೂರಿಗೆ ಒಂದೇ ದಾರಿ. ಅದರ ಈ ಕೊನೆಯಲ್ಲಿ ಊರಬಾಗಿಲು, ಆ ಕೊನೆಯಲ್ಲಿ ತುದಿಯೂರು. ಗಾಡಿಯಲ್ಲಿ ಹೋದರೆ ಅರ್ಧ ದಿನ, ನಡೆದರೆ ಒಂದೂವರೆ ದಿನ. ಗಾಡಿ ಎಂದರೆ ನಮ್ಮಲ್ಲಿ ಮೋಟಾರ್‌ಸೈಕಲ್ಲು. ಬೇರೆ ಯಾವ ಗಾಡಿಯನ್ನೂ ಆ ದಾರಿ ಕಂಡಿಲ್ಲ. ಉದ್ದಕ್ಕೂ ಉರುಟು ಕಲ್ಲು ಹಾಸಿದ್ದಾರೆ. ಹಾಸಿದವರು ಯಾರೋ, ಅದರ ಮೇಲೆ ಒಂದು ದಿನವೂ ಕೂತು ಓಡಾಡಿದವರಲ್ಲ ಎಂಬುದು ಮಾತ್ರ ಖಂಡಿತ.

ಆ ದಾರಿಗೆ ಒಂದು ಕಟ್ಟಳೆ. ಓಡುವ ಗಾಡಿಯಿಂದ ಕಳಚಿ ಬಿದ್ದದ್ದು ದಾರಿಯದು. ಅದನ್ನು ತಿರುಗಿ ನೋಡಬಾರದು, ತಿರುಗಿ ಹೋಗಬಾರದು, ಬಗ್ಗಿ ಎತ್ತಬಾರದು. ಗಾಡಿಯ ಮೂತಿ ತಿರುಗಿಸುವುದೇನಿದ್ದರೂ ಎರಡು ಕೊನೆಗಳಲ್ಲಿ ಮಾತ್ರ. ದಾರಿಗೆ ಹಸಿವು, ಕಬ್ಬಿಣ ಸಿಕ್ಕರೆ ಅದು ಮನುಷ್ಯರ ತಂಟೆಗೆ ಬರುವುದಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದರು. ಹಿರಿಯರಿಗೆ ಯಾರು ಹೇಳಿದರೋ, ಕೇಳಿದವರಿಲ್ಲ.

ಹಾಗಾಗಿ ಹೊಸ ಗಾಡಿ ಊರಿಗೆ ಬಂದ ದಿನವೇ ಅದರ ಎರಡು ಕನ್ನಡಿಗಳನ್ನು ಬಿಚ್ಚಿ ಬಾವಿಗೆ ಎಸೆಯುತ್ತಿದ್ದೆವು. ಹಿಂದಿನದು ಕಾಣುವುದು ಯಾಕೆ? ಸ್ಪ್ಯಾನರ್ ಎಂಬ ವಸ್ತು ನಮ್ಮೂರಲ್ಲಿ ಇರಲಿಲ್ಲ. ಇಟ್ಟುಕೊಂಡವನನ್ನು ಜಿಪುಣ ಎಂದು ಕರೆಯುತ್ತಿದ್ದೆವು. ದಾರಿಯಲ್ಲಿ ಏನಾದರೂ ಕಳಚಿ ಠಣ್ ಎಂದರೆ, ಸವಾರ ಎಡಗೈಯನ್ನು ಹ್ಯಾಂಡಲ್‌ನಿಂದ ತೆಗೆದು ಎದೆಯ ಮೇಲೆ ಇಟ್ಟು ಮೂರು ಸಲ ಹೇಳಬೇಕು. ಹೋಗಲಿ. ಹೋಗಲಿ. ಹೋಗಲಿ. ಹೇಳಿ ಮುಗಿಸಿ ಮುಂದೆ ನೋಡಬೇಕು. ಹೋಗುವಾಗಲೂ ಬರುವಾಗಲೂ ದಾರಿಯ ಕಲ್ಲಿನ ಕಡೆ, ಅಂಚಿನ ಕಡೆ ಕಣ್ಣಿಳಿಸಬಾರದು.

ನಾನು ಬಾಗಿಲಿನವಳು. ಊರಬಾಗಿಲಿನ ಪಕ್ಕದ ಕಟ್ಟೆಯ ಮೇಲೆ ಜಾಗಟೆ ಹಿಡಿದು ಕೂರುವುದು ನನ್ನ ಕೆಲಸ. ನನಗಿಂತ ಮೊದಲು ನಮ್ಮವ್ವ ಕೂತಿದ್ದಳು. ಗಾಡಿ ಬಂದು ನಿಂತರೆ ನಾನು ಕೇಳಬೇಕು, "ಏನು ಕೊಟ್ಟೆ?" ಸವಾರ ಹೇಳಬೇಕು. ಒಂದು ಇಂಡಿಕೇಟರ್ ಕೊಟ್ಟೆ. ಹಿಂದಿನ ಮಡ್‌ಗಾರ್ಡ್ ಕೊಟ್ಟೆ. ಕಿಕ್ಕರ್ ಕೊಟ್ಟೆ, ಹಾರ್ನು ಕೊಟ್ಟೆ. ಎಷ್ಟು ಕೊಟ್ಟರೆ ಅಷ್ಟು ಸಲ ಜಾಗಟೆ ಬಡಿಯುತ್ತಿದ್ದೆ. ಜನ ಹೊಸ್ತಿಲಿಗೆ ಬಂದು ತಲೆ ಬಾಗುತ್ತಿದ್ದರು. ಯಾರೂ ಕಳೆದುಕೊಂಡೆ ಎನ್ನುತ್ತಿರಲಿಲ್ಲ. ಆ ಮಾತೇ ನಮ್ಮೂರಲ್ಲಿ ಸತ್ತು ಹೋಗಿತ್ತು.

ಎಲ್ಲರಿಗಿಂತ ದೊಡ್ಡವನು ಕೊಟ್ಟು ಮುಗಿಸಿದವನು. ಅವನು ಎಲ್ಲವನ್ನೂ ಕೊಟ್ಟಿದ್ದ. ಚಕ್ರ, ಟ್ಯಾಂಕು, ಸೀಟು, ಎಂಜಿನ್ನು, ಚಾಸಿ, ಒಂದೂ ಬಿಡದೆ. ಅವನ ಕೈಯಲ್ಲಿ ಉಳಿದಿದ್ದು ಹ್ಯಾಂಡಲ್‌ನ ಎರಡು ರಬ್ಬರ್ ಹಿಡಿಗಳು ಮಾತ್ರ. ದಿನಾ ಬೆಳಿಗ್ಗೆ ಆ ಎರಡನ್ನು ಮುಂದೆ ಚಾಚಿ ಹಿಡಿದು, ಬಾಯಲ್ಲಿ ಡುಗುಡುಗು ಡುಗುಡುಗು ಎನ್ನುತ್ತಾ ಪೇಟೆಬೀದಿಯಲ್ಲಿ ಸವಾರಿ ಹೊರಡುತ್ತಿದ್ದ. ನಾವು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದೆವು. ಏರು ಬಂದರೆ ಅವನು ಗೇರು ಇಳಿಸಿ ಬಾಯಿಯ ಸದ್ದು ಜೋರು ಮಾಡುತ್ತಿದ್ದ. ನಗು ಬರುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಬರುತ್ತಿರಲಿಲ್ಲ. ನಮ್ಮ ಕಾಯಿಲೆ ಎಷ್ಟು ಬಲಿತಿತ್ತು ಎಂಬುದಕ್ಕೆ ಇದೊಂದೇ ಗುರುತು ಸಾಕು.

ಜನ ಬೀಳುತ್ತಿದ್ದರು. ಬೀಳದೆ ಏನು ಮಾಡುತ್ತಾರೆ? ಬ್ರೇಕ್ ಇಲ್ಲದವನು ಇಳಿಜಾರಿನಲ್ಲಿ ಬೀಳುತ್ತಿದ್ದ, ಚೈನು ಇಲ್ಲದವನು ತಳ್ಳಿ ತಳ್ಳಿ ಸುಸ್ತಾಗಿ ಬೀಳುತ್ತಿದ್ದ. ಬಿದ್ದವನನ್ನು ನೋಡಿ ನಾವು "ಕಡಿಮೆ ಕೊಟ್ಟಿದ್ದ ಪಾಪ" ಎನ್ನುತ್ತಿದ್ದೆವು. ಬಿದ್ದವನು ಎದ್ದು ಕೂತ ಮೇಲೆ ಇನ್ನೂ ಹೆಚ್ಚು ಕೊಡುವುದಾಗಿ ಹರಕೆ ಹೊರುತ್ತಿದ್ದ.

ಎಬ್ಬಿಸಿ ಕೂರಿಸುತ್ತಿದ್ದವಳು ಮೂಳೆ ಕೂಡಿಸುವವಳು. ಊರಿಗೆ, ತುದಿಯೂರಿಗೆ, ಎರಡಕ್ಕೂ ಅವಳೊಬ್ಬಳೇ. ನನಗಿಂತ ಆರು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ಅವಳ ಕೈಚೀಲದಲ್ಲಿ ಸೀಳಿದ ಬಿದಿರು ದಬ್ಬೆ, ಹಳೆ ಸೀರೆ ಹರಿದ ಪಟ್ಟಿ, ಉದ್ದಿನಹಿಟ್ಟಿನ ಡಬ್ಬಿ ಇರುತ್ತಿದ್ದವು. ಮುರಿದ ಕಡೆ ಬೆರಳಾಡಿಸಿ, ಎಳೆದು, ಮೂಳೆಗೆ ಮೂಳೆ ಸೇರಿಸಿ, ಮೊಟ್ಟೆಯ ಲೋಳೆಯಲ್ಲಿ ಹಿಟ್ಟು ಕಲಸಿ ಬಟ್ಟೆಗೆ ಮೆತ್ತಿ ಸುತ್ತುತ್ತಿದ್ದಳು. ಅದು ಒಣಗಿದರೆ ಕಲ್ಲು. ಮೂಳೆ ಕೂಡಿಸುವುದಕ್ಕೆ ಕಟ್ಟಳೆ ಅಡ್ಡ ಬರುತ್ತಿರಲಿಲ್ಲ, ಯಾಕೆಂದರೆ ಮೂಳೆ ಕಬ್ಬಿಣವಲ್ಲ. ಕಳಚಿದ ಮೊಣಕೈಯನ್ನು ಕೂಡಿಸಬಹುದು, ಕಳಚಿದ ಬೋಲ್ಟನ್ನು ಕೂಡಿಸಬಾರದು. ಇದರಲ್ಲಿ ಏನೋ ಎಡವಟ್ಟಿದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಹೊಳೆದಿರಲಿಲ್ಲ.

ಅವಳ ಗಂಡ ಸತ್ತಿದ್ದು ಆ ದಾರಿಯಲ್ಲೇ. ಇವಳು ಹಿಂದೆ ಕೂತಿದ್ದಳು. ಮುಂದಿನ ಚಕ್ರದ ನಟ್ಟು ಕಳಚಿ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಎದೆಯ ಮೇಲೆ ಕೈಯಿಟ್ಟು ಮೂರು ಸಲ ಹೋಗಲಿ ಎಂದರು. ಸ್ವಲ್ಪ ದೂರ ಹೋಗುವುದರಲ್ಲಿ ಚಕ್ರ ಕಿತ್ತುಕೊಂಡು ಹೋಯಿತು. ವರ್ಷಕ್ಕೆ ನಲವತ್ತು ಮೂಳೆ ಕೂಡಿಸುವವಳಿಗೆ ಅವನ ಕತ್ತು ಕೂಡಿಸಲಾಗಲಿಲ್ಲ. ಆ ದಿನ ಬಾಗಿಲಲ್ಲಿ ನಾನು ಅವಳನ್ನು ಏನು ಕೊಟ್ಟೆ ಎಂದು ಕೇಳಿದೆ. ಕೇಳಬಾರದಿತ್ತು. ಕೇಳಿದೆ. ಅವಳು, "ಒಂದು ನಟ್ಟು, ಒಬ್ಬ ಗಂಡ" ಎಂದಳು. ನಾನು ಎರಡು ಸಲ ಜಾಗಟೆ ಬಡಿದೆ.

ಇದಾಗಿ ಮೂರು ವರ್ಷದ ಮೇಲೆ, ಒಂದು ಬೆಳಿಗ್ಗೆ ತುದಿಯೂರಿನಿಂದ ಒಬ್ಬ ನಡೆದು ಬಂದ. ಅಲ್ಲಿ ತೆಂಗಿನ ಮರ ಹತ್ತಿ ಬದುಕುವ ಹೆಂಗಸೊಬ್ಬಳು ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದಳು. ಬಿದ್ದು ಆಗಲೇ ಮೂರನೇ ದಿನ. ಅವತ್ತು ಹೊತ್ತು ಮುಳುಗುವುದರೊಳಗೆ ಎಳೆದು ಕೂಡಿಸದಿದ್ದರೆ ಮೂಳೆ ತನಗೆ ತೋಚಿದ ಹಾಗೆ ಬೆಸೆದುಕೊಳ್ಳುತ್ತದೆ. ಆಮೇಲೆ ಕುಂಟಬಹುದು. ಮರ ಹತ್ತಲಾಗುವುದಿಲ್ಲ.

ಅಕ್ಕ ಚೀಲ ಹೆಗಲಿಗೇರಿಸಿ ಗಾಡಿ ತಂದಳು. ಅದರಲ್ಲಿ ಆಗಲೇ ಮುಂದಿನ ದೀಪದ ಡೂಮು ಇರಲಿಲ್ಲ, ಬ್ರೇಕ್ ಇರಲಿಲ್ಲ, ಸೈಲೆನ್ಸರ್ ಇರಲಿಲ್ಲ. ಹಿಂದಿನ ಚಕ್ರ ವಾಲಾಡುತ್ತಿತ್ತು.

"ಅಕ್ಕ, ಹಿಂದಿನ ಚಕ್ರದ ನಟ್ಟು ಸಡಿಲ ಆಗಿದೆ," ಎಂದೆ.

"ಗೊತ್ತು ಕಣೆ. ಬೆರಳಲ್ಲಿ ಎಷ್ಟು ತಿರುಗಿಸಿದ್ರೂ ನಿಲ್ತಾ ಇಲ್ಲ."

"ದಾರಿ ಕೇಳ್ತಾ ಇದೆ ಅಂತ ಕಾಣುತ್ತೆ. ಕೊಡೋದಾದ್ರೆ ಮನಸಾರೆ ಕೊಟ್ಬಿಡು."

"ಇವತ್ತು ಕೊಟ್ರೆ ಅವಳ ಕಾಲು ಹೋಯ್ತದೆ," ಎಂದಳು. ಹೇಳಿ ತಾನೇ ಬೆಚ್ಚಿದವಳಂತೆ ಹೊರಟು ಹೋದಳು.

ಮುಂದಿನದನ್ನು ಅವಳು ನನಗೆ ಎಷ್ಟೋ ದಿನಗಳ ಮೇಲೆ ಹೇಳಿದ್ದು.

ಮೊದಲ ಏರಿನಲ್ಲಿ ಸ್ಟ್ಯಾಂಡು ಬಿತ್ತು. ಹೋಗಲಿ, ಹೋಗಲಿ, ಹೋಗಲಿ. ಒಣಹಳ್ಳ ದಾಟುವಾಗ ಎಡಗಡೆಯ ಫುಟ್‌ರೆಸ್ಟ್ ಬಿತ್ತು. ಹೋಗಲಿ, ಹೋಗಲಿ, ಹೋಗಲಿ. ಕಾಲನ್ನು ಎಂಜಿನ್ನಿನ ಮೇಲಿಟ್ಟು ಸುಡಿಸಿಕೊಂಡು ಓಡಿಸಿದಳು. ನಡುದಾರಿಗೆ ಬಂದಾಗ ಬೆನ್ನ ಹಿಂದೆ ಠಣ್ ಎಂದು ಒಂದು ದಪ್ಪ ಸದ್ದು. ಆ ಸದ್ದನ್ನು ಅವಳು ಒಮ್ಮೆ ಕೇಳಿದ್ದಳು. ಮೂರು ವರ್ಷದಿಂದ ನಿದ್ದೆಯಲ್ಲೂ ಕೇಳುತ್ತಿದ್ದಳು.

ಎಡಗೈ ತಾನಾಗಿ ಎದೆಗೆ ಹೋಯಿತು. "ಹೋಗಲಿ," ಎಂದಳು.

ಎರಡನೆಯದಕ್ಕೆ ಬಾಯಿ ತೆರೆದಳು. ಬರಲಿಲ್ಲ. ನಾಲಿಗೆ ಇತ್ತು, ಉಸಿರಿತ್ತು, ಮಾತು ಬರಲಿಲ್ಲ. ಎರಡೂ ಕಾಲು ನೆಲಕ್ಕೆ ಒತ್ತಿ ಗಾಡಿ ನಿಲ್ಲಿಸಿದಳು. ಚಪ್ಪಲಿ ಹರಿದುಹೋಯಿತು. ಹಿಂದಿನ ಚಕ್ರದ ಆಕ್ಸಲ್ ಅರ್ಧ ಹೊರಗೆ ಬಂದು ನಿಂತಿತ್ತು. ಇನ್ನು ಹತ್ತು ಮಾರು ಹೋಗಿದ್ದರೆ ಮುಗಿದಿತ್ತು. ನಡೆದು ಹೋದರೆ ತುದಿಯೂರು ಮುಟ್ಟುವುದು ಮಾರನೆಯ ದಿನ. ಅಷ್ಟರಲ್ಲಿ ಆ ಹೆಂಗಸಿನ ಕಾಲು ಕಾಲಾಗಿರುವುದಿಲ್ಲ.

ಅವಳು ಹಿಂದೆ ತಿರುಗಿದಳು.

ತಿರುಗಿದವರು ದಾರಿಯ ಬಾಯಿ ನೋಡುತ್ತಾರೆ, ನೋಡಿದವರ ಕಣ್ಣು ಹೋಗುತ್ತದೆ ಎಂದು ನಮ್ಮವ್ವ ನಮಗೆಲ್ಲ ಹೇಳಿ ಬೆಳೆಸಿದ್ದಳು. ಅಕ್ಕ ಕಣ್ಣು ಬಿಗಿಯಾಗಿ ಮುಚ್ಚಿ ತಿರುಗಿ, ಆಮೇಲೆ ಒಂದೊಂದಾಗಿ ತೆರೆದಳು. ಬಾಯಿ ಇರಲಿಲ್ಲ. ಬಿಸಿಲು ಇತ್ತು. ದಾರಿಯ ಎರಡೂ ಅಂಚಿನಲ್ಲಿ, ಕಲ್ಲಿನ ಸಂದಿಯಲ್ಲಿ, ತಂಗಡಿ ಗಿಡದ ಬುಡದಲ್ಲಿ, ಕಣ್ಣು ಹೋದಷ್ಟು ದೂರ ನಾವು ಕೊಟ್ಟದ್ದೆಲ್ಲ ಬಿದ್ದಿತ್ತು. ಚೈನುಗಳು, ಕ್ಲಚ್ಚಿನ ಹಿಡಿಗಳು, ಸ್ಪ್ರಿಂಗುಗಳು, ಪಕ್ಕದ ಮುಚ್ಚಳಗಳು, ಟ್ಯಾಂಕಿನ ಬಿರಡೆಗಳು. ನಮ್ಮಪ್ಪನ ಕಾಲದ್ದು ತುಕ್ಕು ಹಿಡಿದಿತ್ತು, ಮೊನ್ನೆಯದು ಹೊಳೆಯುತ್ತಿತ್ತು. ದಾರಿ ಒಂದನ್ನೂ ಮುಟ್ಟಿರಲಿಲ್ಲ.

ಅವಳು ನಡೆದಳು. ಒಂದು ಹೆಜ್ಜೆಗೆ ಒಂದು ಸಲ ಬಗ್ಗಿ ನೋಡುತ್ತಾ ನಡೆದಳು. ತನ್ನ ನಟ್ಟು ಸಿಕ್ಕಿತು, ಇನ್ನೂ ಬಿಸಿಯಾಗಿತ್ತು. ಎತ್ತಿಕೊಂಡಳು. ಅಲ್ಲಿಂದ ತಿರುಗಿ ಬರಬಹುದಿತ್ತು. ಆದರೆ ಜಾಗ ಗುರುತು ಸಿಕ್ಕಿತು, ಗಂಡ ಬಿದ್ದ ಜಾಗ. ಕಲ್ಲಿನ ಮೇಲೆ ಈಗ ಏನೂ ಕಲೆ ಇರಲಿಲ್ಲ. ಅವಳು ಇನ್ನೂ ಹಿಂದೆ ಹೋದಳು, ಹೆಜ್ಜೆ ಎಣಿಸುತ್ತಾ. ಅರವತ್ತೆರಡನೆಯ ಹೆಜ್ಜೆಗೆ, ದಾರಿಯ ನಟ್ಟನಡುವೆ, ಎರಡು ಕಲ್ಲಿನ ಮಧ್ಯೆ, ಮುಂದಿನ ಚಕ್ರದ ನಟ್ಟು ಕೂತಿತ್ತು. ಹುಡುಕುವ ಕಷ್ಟವೂ ಇರಲಿಲ್ಲ.

"ಅರವತ್ತೆರಡು ಹೆಜ್ಜೆ ಕಣೆ," ಎಂದಳು ನನಗೆ ಹೇಳುವಾಗ. "ಗಾಡಿ ನಿಲ್ಸಿ ಅರವತ್ತೆರಡು ಹೆಜ್ಜೆ ಹಿಂದಕ್ಕೆ ಬಂದಿದ್ರೆ ಅವರು ಇವತ್ತು ಎದುರಿಗೆ ಕೂತು ಉಣ್ತಾ ಇದ್ರು."

ಅಳು ಬರಲಿಲ್ಲವಂತೆ. ಸಿಟ್ಟು ಬಂತಂತೆ. ದಾರಿಯ ಮೇಲಲ್ಲ, ಅದೇನು ಮಾಡೀತು ಪಾಪ, ಕಲ್ಲು. ಎದೆಯ ಮೇಲೆ ಕೈಯಿಟ್ಟುಕೊಂಡ ತನ್ನ ಮೇಲೆ ಬಂತು, ಜಾಗಟೆ ಹಿಡಿದ ನನ್ನ ಮೇಲೆ ಬಂತು, ತಲೆ ಬಾಗಿದ ಊರಿನ ಮೇಲೆ ಬಂತು. ಆ ಸಿಟ್ಟಿನಲ್ಲೇ ಅವಳು ಗಾಡಿಯ ಹತ್ತಿರ ಬಂದು ಆಕ್ಸಲ್ ಒಳಗೆ ತಳ್ಳಿ ನಟ್ಟು ಹಾಕಿದಳು. ಸ್ಪ್ಯಾನರ್ ಇಲ್ಲ. ಎರಡು ಬಿದಿರು ದಬ್ಬೆಗಳ ನಡುವೆ ನಟ್ಟನ್ನು ಕಚ್ಚಿಸಿ, ದಬ್ಬೆಗಳ ತುದಿಯನ್ನು ಪಟ್ಟಿಯಿಂದ ಬಿಗಿದು, ಮೈಭಾರ ಬಿಟ್ಟು ತಿರುಗಿಸಿದಳು. ಎಲುಬಿನ ಕೀಲು ಕೂತಾಗ ಕೈಗೆ ಹೇಗೆ ಗೊತ್ತಾಗುತ್ತದೋ ಹಾಗೆ ಗೊತ್ತಾಯಿತು. ಮತ್ತೆ ಕಳಚದಂತೆ ಹಿಟ್ಟು ಮೆತ್ತಿದ ಬಟ್ಟೆ ಸುತ್ತಿದಳು. ಬಿಸಿಲಿಗೆ ಅದು ಒಣಗಿ ಕಲ್ಲಾಯಿತು.

ಸೂರ್ಯ ಇನ್ನೂ ಒಂದು ಮಾರು ಮೇಲಿರುವಾಗ ತುದಿಯೂರು ಮುಟ್ಟಿ, ಮರ ಹತ್ತುವವಳ ತೊಡೆ ಎಳೆದು ಕೂಡಿಸಿ ಕಟ್ಟಿದಳು. ನೋವಿಗೆ ಕಿರುಚಿ ಸುಸ್ತಾದವಳು ಸ್ವಲ್ಪ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅಕ್ಕ ಕೇಳಿದಳು, "ದಾರಿಯಲ್ಲಿ ನಮ್ಮ ಸಾಮಾನು ಬಿದ್ದಿವೆಯಲ್ಲ, ನೀವು ನೋಡಿದ್ದೀರಾ?"

ತುದಿಯೂರಿನವರಿಗೆ ಗಾಡಿ ಇಲ್ಲ, ಎಲ್ಲಿಗೂ ನಡೆದೇ ಹೋಗುತ್ತಾರೆ. ಹಾಗಾಗಿ ಕಟ್ಟಳೆಯೂ ಇಲ್ಲ. "ನೋಡದೆ ಏನು ಕಣಕ್ಕ, ಹುಟ್ಟಿದಾಗಿಂದ ನೋಡ್ತಾ ಇದೀವಿ," ಎಂದಳು ಮರ ಹತ್ತುವವಳು. "ನಿಮ್ಮೋರದ್ದು, ಇವತ್ತಲ್ಲ ನಾಳೆ ಬಂದು ತಗೊಂಡು ಹೋಗ್ತಾರೆ ಅಂತ ಯಾರೂ ಮುಟ್ಟಿಲ್ಲ. ಬೇರೆಯೋರ ವಸ್ತು ನಮಗ್ಯಾಕೆ?"

ಮೂರು ದಿನದ ಮೇಲೆ, ಮಧ್ಯಾಹ್ನ, ಅಕ್ಕನ ಗಾಡಿ ಊರಬಾಗಿಲಿಗೆ ಬಂತು. ಸದ್ದು ಬೇರೆಯಾಗಿತ್ತು. ಯಾವುದೂ ಗಡಗಡ ಎನ್ನುತ್ತಿರಲಿಲ್ಲ. ಸ್ಟ್ಯಾಂಡು ಇತ್ತು, ಫುಟ್‌ರೆಸ್ಟ್ ಇತ್ತು, ಯಾರದೋ ಬ್ರೇಕ್ ಹಿಡಿ ಇತ್ತು. ಕೀಲುಕೀಲಿಗೂ ಬಿಳಿ ಬಟ್ಟೆ ಸುತ್ತಿತ್ತು. ಹಿಂದಿನ ಸೀಟಿನ ಮೇಲೆ ಒಂದು ಗೋಣಿಚೀಲ ಕಟ್ಟಿದ್ದಳು, ತುಂಬಿ ಬಾಯಿ ಹೊಲಿದಿತ್ತು.

"ಏನು ಕೊಟ್ಟೆ?" ಎಂದೆ. ಅಭ್ಯಾಸ.

"ಏನೂ ಕೊಡಲಿಲ್ಲ. ಎತ್ಕೊಂಡು ತಂದೆ," ಎಂದಳು.

ಅವಳು ಚೀಲ ಇಳಿಸಿ ಬಾಯಿ ಬಿಚ್ಚಿ ಬಾಗಿಲಿನ ಮುಂದೆ ಸ್ವಲ್ಪ ಸುರಿದಳು. ಜಾಗಟೆ ನನ್ನ ಕೈಯಲ್ಲಿ ಸುಮ್ಮನಿತ್ತು. ಜನ ಸೇರಿದರು. ಒಬ್ಬ ಒಂದು ಹಾರ್ನಿನ ಕಡೆ ಕೈ ಚಾಚಿ, ಸುಟ್ಟವನಂತೆ ಹಿಂದೆ ಎಳೆದುಕೊಂಡ. ಅಷ್ಟರಲ್ಲಿ ಡುಗುಡುಗು ಕೇಳಿಸಿತು. ಕೊಟ್ಟು ಮುಗಿಸಿದವನು ಬಂದ. ಬಾಯಲ್ಲೇ ಗಾಡಿ ಆಫ್ ಮಾಡಿದ.

"ಏನಮ್ಮ ಇದು?"

"ನಮ್ಮೂರಿನ ಸಾಮಾನು ಅಯ್ಯ."

"ದಾರಿಯದು. ಎಲ್ಲಿಂದ ತಂದೆಯೋ ಅಲ್ಲೇ ಹಾಕಿ ಬಾ. ಮುಂದೆ ನೋಡ್ಕೊಂಡು ಹೋಗಿ ಹಾಕು."

"ಹಾಕಲ್ಲ."

"ದಾರಿ ಮುನಿದ್ರೆ ಊರು ಉಳಿಯಲ್ಲ ತಾಯಿ. ನನ್ನ ನೋಡು, ಎಲ್ಲಾ ಕೊಟ್ಟೆ. ಒಂದು ಗಾಯ ಇದೆಯಾ ಮೈಮೇಲೆ?"

"ಹೇಗಿರುತ್ತೆ ಅಯ್ಯ? ನೀವು ಬಾಗಿಲು ದಾಟಿ ಹದಿನೈದು ವರ್ಷ ಆಯ್ತು," ಎಂದಳು ಅಕ್ಕ. "ದಾರಿ ಒಂದು ವಾಷರ್ ಕೂಡ ತಿಂದಿಲ್ಲ. ಎಲ್ಲಾ ಅಲ್ಲೇ ಇದೆ. ನನ್ನ ಗಂಡನ ನಟ್ಟೂ ಅಲ್ಲೇ ಇತ್ತು. ದಾರಿ ಕೇಳಲೇ ಇಲ್ಲ, ನಾವೇ ಕೊಟ್ವಿ. ಕೊಟ್ಟು ಜಾಗಟೆ ಹೊಡೆಸ್ಕೊಂಡ್ವಿ."

ಅವನ ಮುಖ ಕೆಂಪಾಯಿತು. ಹಿಡಿಗಳನ್ನು ಮುಂದಕ್ಕೆ ಚಾಚಿದ, ಕಾಲಲ್ಲಿ ಕಿಕ್ ಹೊಡೆದ, ಬಾಯಿಯ ಸದ್ದನ್ನು ಜೋರು ಮಾಡಿದ. ಡುಗುಡುಗು ಡುಗುಡುಗು ಎಂದು ಕೂಗುತ್ತಾ ಬಾಗಿಲು ದಾಟಿ ಅವಳ ಮೇಲೆ ನುಗ್ಗಿದ. ಗೋಣಿಚೀಲ ಎಡವಿದ. ಬಲಭುಜದ ಮೇಲೆ ಬಿದ್ದ. ಕೀಲು ಕಳಚಿ ತೋಳು ಬೇರೆಯವರದ್ದೇನೋ ಎಂಬಂತೆ ಪಕ್ಕಕ್ಕೆ ಹೊರಳಿಕೊಂಡಿತು.

ಎಲ್ಲರೂ ನನ್ನ ಮುಖ ನೋಡಿದರು. ಕಟ್ಟಳೆ ಹೇಳುವುದು ನನ್ನ ಕೆಲಸ.

"ಅಯ್ಯನೋರು ಗಾಡಿ ಮೇಲಿದ್ರು," ಎಂದೆ. ಅದನ್ನು ಯಾರೂ ಇಲ್ಲ ಎನ್ನುವಂತಿರಲಿಲ್ಲ. ಹದಿನೈದು ವರ್ಷ ನಾವೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದೆವು. "ಬಾಗಿಲು ದಾಟಿದ್ರು. ದಾರಿಯ ಮೇಲೆ ಕಳಚಿದೆ."

ಕಬ್ಬಿಣವೋ ಮೂಳೆಯೋ ಎಂದು ಯಾರಾದರೂ ಕೇಳಬಹುದಿತ್ತು. ಆದರೆ ಎಲ್ಲ ಕೊಟ್ಟು ಮುಗಿಸಿದವನಿಗೆ ಕೊಡಲು ಇನ್ನೇನು ಉಳಿದಿದೆ? ಒಬ್ಬೊಬ್ಬರಾಗಿ ಎದೆಯ ಮೇಲೆ ಕೈ ಇಟ್ಟೆವು. ಊರಿಗೆ ಊರೇ ಅವನ ತೋಳನ್ನು ನೋಡುತ್ತಾ ಹೇಳಿತು.

"ಹೋಗಲಿ."

ಅವನು ಕಣ್ಣರಳಿಸಿ ನಮ್ಮನ್ನು ನೋಡಿದ.

"ಹೋಗಲಿ."

"ಬೇಡ!" ಎಂದು ಕಿರುಚಿದ. "ಹೋಗೋದು ಬೇಡ! ಅಯ್ಯೋ ನನ್ನ ಕೈ! ಕೂಡಿಸೇ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ!"

ಅಕ್ಕ ಅಷ್ಟರಲ್ಲಿ ಅವನ ಪಕ್ಕ ಕೂತಾಗಿತ್ತು. ನಾವು ಮೂರನೆಯದನ್ನು ಹೇಳುವುದಕ್ಕೆ ಮೊದಲೇ ಅವನ ಕಂಕುಳಿಗೆ ತನ್ನ ಹಿಮ್ಮಡಿ ಕೊಟ್ಟು ತೋಳು ಎಳೆದಳು. ಲಟಕ್ ಎಂದಿತು. ಕೂತಿತು.

ಅವನು ಉಸಿರು ಎಳೆದುಕೊಂಡ, ಬೆರಳು ಆಡಿಸಿ ನೋಡಿದ, ಎದ್ದು ನಿಂತ. ಕೂಡಿ ಇನ್ನೂ ಒಂದು ಗಳಿಗೆ ಆಗಿರದ ಅದೇ ತೋಳನ್ನು ಎತ್ತಿ ಅವಳ ಕಡೆ ತೋರಿಸಿ ಹೇಳಿದ, "ಇವಳನ್ನ ಹೊರಗೆ ಹಾಕಿ. ಬಾಗಿಲು ಮುಚ್ಚಿ."

ಮುಚ್ಚಿದೆವು. ಅವನು ಈಗಷ್ಟೇ ಬೇಡ ಎಂದು ಕಿರುಚಿದ್ದನ್ನು ಎಲ್ಲರೂ ಕೇಳಿದ್ದೆವು, ಆದರೂ ಮುಚ್ಚಿದೆವು. ನಾನೂ ಹಲಗೆಗೆ ಹೆಗಲು ಕೊಟ್ಟೆ. ಇದನ್ನು ಬಚ್ಚಿಟ್ಟು ಕಥೆ ಹೇಳಿದರೆ ನನ್ನ ಮುಖ ನನಗೇ ನೋಡಲಾಗುವುದಿಲ್ಲ.

ಹೊರಗಿನಿಂದ ಅವಳ ದನಿ ಬಂತು. ಬೇಡಿಕೊಳ್ಳುವ ದನಿಯಲ್ಲ, ಸಂತೆಯಲ್ಲಿ ಕೂಗಿ ಹೇಳುವ ದನಿ. "ಕೇಳಿಸ್ಕೊಳ್ರಪ್ಪ! ನಾನು ನಡುದಾರೀಲಿ ಗುಡಿಸಲು ಹಾಕ್ಕೊಂಡು ಇರ್ತೀನಿ. ಕೈ ಮುರಿದೋರು ಬನ್ನಿ, ಕಾಲು ಮುರಿದೋರು ಬನ್ನಿ, ಯಾರನ್ನೂ ಇಲ್ಲ ಅನ್ನಲ್ಲ. ಆದ್ರೆ ಕಟ್ಟಿದ ಮೂಳೆ ಇಟ್ಕೊಂಡು ತುದಿಯೂರಿಗೆ ಹೋಗಿ ಸುತ್ಕೊಂಡು ಬರೋಕಾಗಲ್ಲ, ಅಷ್ಟು ದೂರ ಕುಲುಕಿದ್ರೆ ಮತ್ತೆ ಬಿಡುತ್ತೆ. ಮನೆಗೆ ಹೋಗಬೇಕು ಅಂದ್ರೆ ನಡುದಾರೀಲೇ ಗಾಡಿ ತಿರುಗಿಸ್ಬೇಕು. ತಿರುಗಿಸೋ ಧೈರ್ಯ ಇದ್ರೆ ಬನ್ನಿ!"

ಆ ಮಾತಿನ ಅರ್ಥ ನಮಗೆ ಮಾರನೆಯ ದಿನ ತಲೆಗೆ ಹೋಯಿತು. ಅವಳು ಕಟ್ಟಳೆಯ ಹೊಟ್ಟೆಯ ಮೇಲೇ ಹೋಗಿ ಕೂತಿದ್ದಳು.

ಆರು ತಿಂಗಳು ಯಾರೂ ಹೋಗಲಿಲ್ಲ. ದಾರಿಯಲ್ಲಿ ಹಾಯುವ ಸವಾರರು ಅವಳ ಗುಡಿಸಲು ಬಂದಾಗ ಮುಖ ಆ ಕಡೆ ಮಾಡಿಕೊಳ್ಳುತ್ತಿದ್ದರು. ಅವಳು ದಿನಾ ಬೆಳಿಗ್ಗೆ ಬಿದ್ದದ್ದನ್ನು ಹೆಕ್ಕಿ, ಒರೆಸಿ, ಗುಡಿಸಲ ಮುಂದೆ ಜೋಡಿಸಿ ಇಡುತ್ತಿದ್ದಳಂತೆ. ಊರಲ್ಲಿ ಸೊಟ್ಟ ಕೈಗಳು, ಸೊಟ್ಟ ಕಾಲುಗಳು ಹೆಚ್ಚಾದವು. ನನ್ನ ಜಾಗಟೆ ಎಂದಿಗಿಂತ ಜೋರಾಗಿ ಬಡಿಯುತ್ತಿತ್ತು. ಕೊಟ್ಟು ಮುಗಿಸಿದವನು ಬಾಗಿಲ ಹತ್ತಿರ ಸುಳಿಯುತ್ತಿರಲಿಲ್ಲ, ಪೇಟೆಬೀದಿಯಲ್ಲಿ ಮಾತ್ರ ಸವಾರಿ ಮಾಡುತ್ತಿದ್ದ.

ಆಮೇಲೆ ಒಂದು ದಿನ ನಮ್ಮವ್ವ ಕಟ್ಟೆಯಿಂದ ಇಳಿಯುವಾಗ ಜಾರಿ ಕಣಕಾಲು ಮುರಿದುಕೊಂಡಳು. ಅವಳಿಗೆ ಎಪ್ಪತ್ತಾರು. ಕಾಲು ಊದಿ ಕಪ್ಪಾಯಿತು. ಎರಡು ದಿನ ಹಲ್ಲು ಕಚ್ಚಿ ಸುಮ್ಮನಿದ್ದಳು. ಎರಡನೆಯ ದಿನ ಸಂಜೆ ನನ್ನ ಕೈ ಹಿಡಿದು, "ನಾನು ತೆವಳ್ಕೊಂಡು ಸಾಯಲ್ಲ ಮಗ," ಎಂದಳು.

ಮೂರನೆಯ ದಿನ ಬೆಳಿಗ್ಗೆ ಜಾಗಟೆಯನ್ನು ಕಟ್ಟೆಯ ಮೇಲಿಟ್ಟು, ಅವ್ವನನ್ನು ನನ್ನ ಗಾಡಿಯ ಹಿಂದೆ ಕೂರಿಸಿ, ನನ್ನ ಸೊಂಟಕ್ಕೆ ಸೀರೆಯಿಂದ ಕಟ್ಟಿಕೊಂಡು ಹೊರಟೆ. ದಾರಿಯಲ್ಲಿ ಎರಡು ಸಲ ಠಣ್ ಎಂದಿತು. ಎರಡು ಸಲವೂ ಅವ್ವ ನನ್ನ ಬೆನ್ನಿಗೆ ಮುಖವೊತ್ತಿ ಹೋಗಲಿ ಹೋಗಲಿ ಎಂದು ಗೊಣಗಿದಳು. ನಾನು ಬಾಯಿ ಬಿಡಲಿಲ್ಲ.

ಅಕ್ಕ ಗುಡಿಸಲಿಂದ ಹೊರಗೆ ಬಂದು ನನ್ನನ್ನು ನೋಡಿದಳು. ಬಾಗಿಲಿಗೆ ಹೆಗಲು ಕೊಟ್ಟವಳು ಎಂದು ಅವಳಿಗೆ ಗೊತ್ತಿತ್ತು, ಹಲಗೆಯ ಸಂದಿಯಿಂದ ನನ್ನ ಸೀರೆ ಕಂಡಿತ್ತಂತೆ. ಆದರೂ ಅವ್ವನನ್ನು ಎತ್ತಿ ಚಾಪೆಯ ಮೇಲೆ ಮಲಗಿಸಿ, ಪಾದ ಹಿಡಿದು ಮಾತಾಡಿಸುತ್ತಾ, ಮಾತಿನ ನಡುವೆ ಎಳೆದಳು. ಅವ್ವ ಒಮ್ಮೆ ಕೂಗಿದಳು. ಆಮೇಲೆ ದಬ್ಬೆ, ಹಿಟ್ಟು, ಬಟ್ಟೆ. ಅದು ಒಣಗುವವರೆಗೆ ನನಗೆ ಅರವತ್ತೆರಡು ಹೆಜ್ಜೆಯ ಕಥೆ ಹೇಳಿದಳು. ಹೇಳುತ್ತಾ ನನ್ನ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ನಟ್ಟು ಬಿಗಿದಳು. ಬಿಗಿ ಅಂತ ನಾನು ಕೇಳಿರಲಿಲ್ಲ. ಬೇಡ ಅಂತಲೂ ಹೇಳಲಿಲ್ಲ.

ಅವ್ವನನ್ನು ಮತ್ತೆ ಕೂರಿಸಿದೆವು. ಗಾಡಿಯ ಮೂತಿ ತುದಿಯೂರಿನ ಕಡೆಗಿತ್ತು. ಮನೆ ನನ್ನ ಬೆನ್ನ ಹಿಂದೆ ಇತ್ತು. ಹ್ಯಾಂಡಲ್ ತಿರುಗಿಸಲಾಗಲಿಲ್ಲ. ಎಷ್ಟು ಜನಕ್ಕೆ ನಾನು ಮುಂದೆ ನೋಡು ಎಂದು ಹೇಳಿದ್ದೆ! ಒಂದು ನಟ್ಟು, ಒಬ್ಬ ಗಂಡ ಎಂದವಳಿಗೆ ಎರಡು ಸಲ ಜಾಗಟೆ ಬಡಿದದ್ದು ಇದೇ ಕೈ.

ಅಕ್ಕ ನೋಡುತ್ತಾ ನಿಂತಿದ್ದಳು, ಮುಟ್ಟಲಿಲ್ಲ. ಮಾತಾಡಿದ್ದು ಅವ್ವ. ನಮಗೆಲ್ಲ ದಾರಿಯ ಬಾಯಿಯ ಕಥೆ ಹೇಳಿದ್ದ ಅವ್ವ.

"ತಿರುಗಿಸು ಮಗ. ಕಣ್ಣು ಹೋದ್ರೆ ನಂದು ಹೋಗಲಿ, ಹೇಗೂ ಅರ್ಧ ಹೋಗಿದೆ."

ತಿರುಗಿಸಿದೆ. ಒಂದೇ ಸಲಕ್ಕೆ ಆಗಲಿಲ್ಲ, ದಾರಿ ಅಗಲವಿಲ್ಲ. ಮುಂದೆ ತಳ್ಳಿ, ಹಿಂದೆ ಎಳೆದು, ಮತ್ತೆ ಮುಂದೆ ತಳ್ಳಿ, ಬೆವರು ಹರಿಸಿಕೊಂಡು ತಿರುಗಿಸಿದೆ. ದಾರಿ ಬಾಯಿ ತೆರೆಯಲಿಲ್ಲ. ಹೋಗುವಾಗ ಬಿದ್ದಿದ್ದ ಎರಡನ್ನೂ ಗಾಡಿ ನಿಲ್ಲಿಸಿ ಹುಡುಕಿ ಎತ್ತಿಕೊಂಡೆ. ಎರಡನೆಯದಕ್ಕೆ ಅವ್ವನೇ ಬೆರಳು ಮಾಡಿ ತೋರಿಸಿದಳು.

ಊರಬಾಗಿಲು ಮುಟ್ಟುವಾಗ ಬಿಸಿಲು ಇನ್ನೂ ಜೋರಿತ್ತು. ಇಷ್ಟು ಬೇಗ ಬಂದವರು ನಡುದಾರಿಯಲ್ಲಿ ತಿರುಗಿದವರೇ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಬಾಗಿಲು ಹಾಕಿತ್ತು. ಒಳಗೆ ನನ್ನ ಕಟ್ಟೆಯ ಮೇಲೆ ನಿಂತು ಕೊಟ್ಟು ಮುಗಿಸಿದವನು ಗೋಡೆಯ ಮೇಲಿಂದ ಇಣುಕಿದ. ಜಾಗಟೆ ಅವನ ಕೈಯಲ್ಲಿತ್ತು. ಅವನ ಹಿಂದೆ ಜನರ ಗುಜುಗುಜು ಕೇಳಿಸುತ್ತಿತ್ತು, ಊರೆಲ್ಲ ಸೇರಿದಂತಿತ್ತು.

"ಏನು ಕೊಟ್ಟೆ?" ಎಂದ.

"ಏನೂ ಕೊಟ್ಟಿಲ್ಲ," ಎಂದೆ. "ನಡುದಾರೀಲಿ ತಿರುಗಿಸ್ಕೊಂಡು ಬಂದೆ. ಬಿದ್ದದ್ದು ಎತ್ಕೊಂಡು ಬಂದೆ. ಅವ್ವನ ಕಾಲು ಕೂಡಿದೆ. ಇನ್ನು ಮೇಲೆ ಏನೂ ಕೊಡಲ್ಲ. ಬಾಗಿಲು ತೆಗೀರಿ."

"ತೆಗೆಯಲ್ಲ."

"ನಾನು ಹೋಗಲ್ಲ."

ಗಾಡಿ ಆಫ್ ಮಾಡಲಿಲ್ಲ. ಎಲ್ಲ ಕೀಲು ಬಿಗಿದಿದ್ದ ಗಾಡಿ ಒಂದೇ ಸಮನೆ, ಒಂದಿಷ್ಟೂ ಗಡಗಡ ಎನ್ನದೆ ಓಡುತ್ತಾ ನಿಂತಿತು. ಅಂಥ ಸದ್ದನ್ನು ನಮ್ಮೂರು ಕೇಳಿ ಎಷ್ಟು ಕಾಲವಾಗಿತ್ತೋ. ಒಳಗಿನ ಗುಜುಗುಜು ನಿಂತುಹೋಯಿತು. ಗೋಡೆಯ ಮೇಲಿನವನು ಹಿಂದೆ ತಿರುಗಿ ಯಾರಿಗೋ ಗದರಿದ, ಮತ್ತೊಬ್ಬರಿಗೆ ಗದರಿದ. ಆಮೇಲೆ ಅಗುಳಿ ಏಳುವ ಸದ್ದು ಕೇಳಿಸಿತು. ನಮ್ಮ ಊರಬಾಗಿಲಿನ ಅಗುಳಿ ಒಬ್ಬರಿಂದ ಏಳುವಂಥದ್ದಲ್ಲ. ಅದಕ್ಕೆ ನಾಲ್ಕು ಜನ ಬೇಕು.